ವಿರುಪಾಕ್ಷಪ್ಪ ಬಿಯರು ಕಲಿತದ್ದು

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ನಮ್ಮ ಬೀದಿಯಲ್ಲಿ ವಿರುಪಾಕ್ಷಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಉಮಾಶ್ರೀಯ ಡೇಕೇರ್ ಯಾವುದು ಎಂದು ಕೇಳಿ ನೋಡಿ, ಬಾಗಿಲತನಕ ಬಂದು ಬಿಟ್ಟು ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರದೂ ಅದೇ ಮನೆ, ಆದರೆ ಅದಕ್ಕೆ ಹೆಸರು ತಂದವಳು ಅವಳು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಡಾಕ್ಟರುಗಳು, ಇಂಜಿನಿಯರುಗಳು ಫ್ರೀವೇ ತುಂಬುವ ಮೊದಲೇ ಮಕ್ಕಳನ್ನು ಅವಳ ಸೊಂಟಕ್ಕೆ ದಾಟಿಸಿ ಓಡುತ್ತಿದ್ದರು. ಮಧ್ಯಾಹ್ನ ಮಕ್ಕಳಿಗೆ ತುಪ್ಪ ಸವರಿದ ದೋಸೆ, ಆಮೇಲೆ ನಿದ್ದೆ. ನಿದ್ದೆಗೆ ಒಂದೊಂದು ಮಗುವಿಗೂ ಒಂದೊಂದು ಕೌದಿ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹಾಸಿ, ತುಂಡುಬಟ್ಟೆ ಜೋಡಿಸಿ, ಅವಳು ಕೈಯಾರೆ ಹೊಲಿದ ಕೌದಿಗಳು. ಅವಳ ಎರಡೂ ಮುಂಗೈಯಲ್ಲಿ ಹಸಿರು ಗಾಜಿನ ಬಳೆ, ಗದಗಿನಿಂದ ತಂಗಿ ಕಳಿಸುವುದು. ಅವಳು ಹತ್ತಿರ ಬರುತ್ತಿದ್ದಾಳೆ ಎಂಬುದು ಆ ಮಕ್ಕಳ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

ವಿರುಪಾಕ್ಷಪ್ಪ ಸೇತುವೆಯಾಚೆ ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಯಂತ್ರಗಳನ್ನು ಪರೀಕ್ಷೆ ಮಾಡುತ್ತಿದ್ದ. ಯಂತ್ರದಲ್ಲಿ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಅರವತ್ತರ ಹತ್ತಿರ ಬಂದಾಗ ಕಂಪನಿಯವರು ಅವನನ್ನೂ ಅವನ ಜೊತೆಯ ಹಲವರನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದರು. ಆಮೇಲೆ ಆ ಮನೆಯ ಒಲೆ ಉರಿದದ್ದು ಡೇಕೇರಿನಿಂದಲೇ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಮನೆಯಲ್ಲಿ ಎಲ್ಲಿ ಕೂತರೂ ಅವನಿಗೆ ಮುಳ್ಳು ಚುಚ್ಚುತ್ತಿತ್ತು. ನಡುಮನೆಯಲ್ಲಿ ಕೂತರೆ ಮಗುವೊಂದು ಬಂದು ತೊಡೆ ಏರುತ್ತದೆ. ಅಡುಗೆಮನೆಗೆ ಹೋದರೆ ಉಮಾಶ್ರೀ ತುಟಿಯ ಮೇಲೆ ಬೆರಳಿಡುತ್ತಾಳೆ.

"ಹುಡುಗ್ರು ಈಗರ ಮಕ್ಕೊಂಡಾವ್ರಿ. ಸಪ್ಪಳಾ ಮಾಡಬ್ಯಾಡ್ರಿ. ಗ್ಯಾರೇಜಿನ್ಯಾಗ ಕುಂದರ್ರಲಾ ಅಷ್ಟ."

ಹೀಗೆ ಗ್ಯಾರೇಜು ಸೇರಿದವನಿಗೆ ಹಳೆಯ ಸಹೋದ್ಯೋಗಿ ವೆಂಕಟಾಚಲ ಊರು ಬಿಡುವಾಗ ಒಂದು ಪೆಟ್ಟಿಗೆ ಕೊಟ್ಟು ಹೋದ. ಅದರಲ್ಲಿ ಒಂದು ಗ್ಯಾಲನ್ ಹಿಡಿಯುವ ಗಾಜಿನ ಜಗ್ಗು, ಒಂದು ರಬ್ಬರ್ ನಳಿಗೆ, ಒಳಗಿನ ಗಾಳಿ ಹೊರಹೋಗಲು ಸಣ್ಣ ಕೊಳವೆಯಿದ್ದ ಬಿರಡೆ, ಒಂದು ಥರ್ಮಾಮೀಟರು, ಮತ್ತು ಮನೆಯಲ್ಲೇ ಬಿಯರು ಮಾಡುವುದು ಹೇಗೆಂಬ ತೆಳ್ಳನೆಯ ಪುಸ್ತಕ ಇದ್ದವು. ಪೆಟ್ಟಿಗೆ ನೋಡಿದ ಉಮಾಶ್ರೀ ಸೊಂಟದ ಮೇಲೆ ಕೈಯಿಟ್ಟಳು.

"ಲಿಂಗಪೂಜಿ ಮಾಡೋ ಮನ್ಯಾಗ ಸೆರೆ ಕಾಸ್ತೀರೇನ್ರಿ?"

"ಸೆರೆ ಅಲ್ಲ ಉಮಾ, ಬಿಯರು. ಬಾರ್ಲಿ ಕಷಾಯ ಅಂತ ತಿಳಕೋ."

"ಕಷಾಯ ಕುಡದು ಹಾಡಿದವ್ರನ್ನ ನಾ ಎಲ್ಲೂ ನೋಡಿಲ್ಲ."

ಅವನು ನಕ್ಕ. ಕೆಲಸ ಹೋದ ಮೇಲೆ ಅವನು ನಕ್ಕದ್ದೇ ಅಪರೂಪ. ಅದನ್ನು ಕಂಡು ಅವಳ ಮನಸ್ಸು ಕರಗಿತೇನೋ, ಒಂದು ಕಟ್ಟು ಹಾಕಿ ಒಪ್ಪಿದಳು. "ಗ್ಯಾರೇಜಿನ ಬಾಗಲಾ ದಾಟಿ ಅದು ಒಳಗ ಬರಬಾರದು. ಮಂದಿ ಮಕ್ಕಳು ಇರೋ ಜಾಗಾ ಇದು. ಏನರೆ ಹೆಚ್ಚುಕಡಿಮಿ ಆದ್ರ ಈ ಬಾಗಲಾ ಮುಚ್ಚೂದ ಸೈ. ನೆನಪಿರ್ಲಿ."

ಅದೇ ಬೀದಿಯ ಮುದುಕ ನಾನು, ಶಾಲೆಯಲ್ಲಿ ಕಲಿತವನಲ್ಲ, ಕೈಯಿಂದ ಕಲಿತವನು. ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಕೈಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆ ಎನ್ನುವುದೇ ಇನ್ನೊಂದು ಕೆಲಸ ಕಲಿಯಲು ದೊಡ್ಡ ಅಡ್ಡಿ. ವಿರುಪಾಕ್ಷಪ್ಪನ ತಾಯಿ ಈರವ್ವ ಹೆಪ್ಪು ಹಾಕಿದ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಇರುತ್ತಿತ್ತಂತೆ. ಆ ಮನೆಯಲ್ಲಿ ಬೆಳೆದವನಿಗೆ ಹುದುಗು ಬರಿಸುವುದನ್ನು ಪುಸ್ತಕ ಓದಿ ಕಲಿಯಬೇಕೆ? ಥರ್ಮಾಮೀಟರು ಪೆಟ್ಟಿಗೆಯಲ್ಲೇ ಉಳಿಯಿತು.

ಮೊದಲ ಸಲ ಅವನು ಬಾರ್ಲಿಯ ಪಾಕ ಕುದಿಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ, ಕೆಳಗಿಳಿಸಿ, ಹಾಲಿಗೆ ಹೆಪ್ಪು ಹಾಕುವ ಮೊದಲು ನೋಡುವಂತೆ ಕಿರುಬೆರಳು ಅದ್ದಿ ನೋಡಿ, ಹುದುಗು ಬರಿಸುವ ಯೀಸ್ಟು ಉದುರಿಸಿದ. ಅವನ ಬೆರಳಿಗೆ ಬೆಚ್ಚಗೆ ಅನ್ನಿಸಿದ್ದು ಯೀಸ್ಟಿಗೆ ಕೆಂಡವಾಗಿತ್ತು. ಜಗ್ಗು ಕಲ್ಲಿನಂತೆ ಸುಮ್ಮನೆ ಕೂತಿತು. ಸಿಹಿ ನೀರನ್ನು ಹಿತ್ತಿಲ ನಿಂಬೆ ಗಿಡಕ್ಕೆ ಸುರಿದ. ಎರಡನೆಯ ಸಲ ಚಳಿಗಾಲ ಬಂದಿತ್ತು. ಕೊಲ್ಲಿಯ ಕಡೆಯಿಂದ ಮಂಜು ಬಂದು ಗ್ಯಾರೇಜಿನ ಸಂದಿಯಲ್ಲೆಲ್ಲ ನುಗ್ಗುವ ಕಾಲ. ಯೀಸ್ಟು ಮುದುಡಿ ಮಲಗಿತು. ಇವನಿಗೆ ತಾಳ್ಮೆ ಎಲ್ಲಿಂದ? ದಿನಾ ಬಿರಡೆ ತೆಗೆದು ಇಣುಕಿದ, ಮೂಸಿದ, ಚಮಚ ಹಾಕಿ ಕಲಕಿದ. ಕೊನೆಗೆ ಮೇಲೆ ಬೂಷ್ಟು ಕಟ್ಟಿತು. ಅದೂ ನಿಂಬೆ ಗಿಡದ ಪಾಲಾಯಿತು.

"ನಿಂಬಿಕಾಯಿ ಕಚ್ಚಿದವ್ರಿಗೆಲ್ಲ ನಿಶೆ ಏರತೈತಿ ನೋಡ್ರಿ ಇನ್ನ," ಎಂದು ಉಮಾಶ್ರೀ ಕಾಲೆಳೆದಳು. ಅವಳಿಗೆ ಅದು ತಮಾಷೆ. ಅವನಿಗೆ ಎದೆಯೊಳಗೆ ಚುರುಕ್ಕೆಂದಿತು. ಕಂಪನಿಗೂ ಬೇಡವಾದ ಕೈ, ಒಂದು ಜಗ್ಗು ಬಿಯರಿಗೂ ಬೇಡವಾಯಿತೆ?

ಇಲ್ಲಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗು ಬರಲು ನಮ್ಮ ಹೆಂಗಸರು ಮಾಡುವ ಉಪಾಯ ಎಲ್ಲರಿಗೂ ಗೊತ್ತು. ಓವನ್ನು ಹಚ್ಚುವುದಿಲ್ಲ, ಒಳಗಿನ ದೀಪವೊಂದನ್ನು ಹಾಕಿ, ಹಿಟ್ಟಿನ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚುವುದು. ಒಂದು ಶನಿವಾರ ಉಮಾಶ್ರೀ ಹಾಗೆ ಹಿಟ್ಟಿಟ್ಟು, ಎಮರಿವಿಲ್‌ನಲ್ಲಿರುವ ಮಗಳು ಸಂಯುಕ್ತಾಳ ಮನೆಯಲ್ಲಿ ರಾತ್ರಿ ಉಳಿಯಲು ಹೊರಟಳು. "ಉಬ್ಬಿದ ಮ್ಯಾಲ ತಗದು ಫ್ರಿಜ್ಜಿನ್ಯಾಗ ಇಡ್ರಿ," ಎಂದಷ್ಟೇ ಹೇಳಿದಳು.

ಅವಳ ಕಾರು ತಿರುವು ದಾಟುತ್ತಿದ್ದಂತೆ ವಿರುಪಾಕ್ಷಪ್ಪ ಹೊಸ ಪಾಕ ಕಾಸಿದ. ಕಾಸಿದ್ದು ಅಡುಗೆಮನೆಯಲ್ಲಿ. ಹಿಟ್ಟಿನ ಪಾತ್ರೆ ತಿಕ್ಕುವ ಸ್ಪಂಜಿನಿಂದಲೇ ಜಗ್ಗು ತೊಳೆದ, ಹಿಟ್ಟು ತಿರುವಿದ ಸೌಟಿನಿಂದಲೇ ಪಾಕ ತಿರುವಿದ. ಆಮೇಲೆ ಜಗ್ಗನ್ನು ಓವನ್ನಿನೊಳಗೆ ಹಿಟ್ಟಿನ ಪಕ್ಕಕ್ಕೇ ನೂಕಿ ಬಾಗಿಲು ಹಾಕಿದ. ಮರುದಿನ ತೆರೆದು ನೋಡಿದರೆ ಒಳಗೆ ಜಾತ್ರೆಯೇ ನಡೆದಿತ್ತು. ಹಿಟ್ಟು ಉಕ್ಕಿ ಜಗ್ಗಿನ ಕುತ್ತಿಗೆ ಹಿಡಿದಿತ್ತು. ಜಗ್ಗಿನ ನೊರೆ ಹಿಟ್ಟಿನ ಪಾತ್ರೆಯ ಮೇಲೆ ಸುರಿದಿತ್ತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಒಂದೇ ಅರಿವೆಯಿಂದ ಎರಡನ್ನೂ ಒರೆಸಿದ. ಹಿಟ್ಟನ್ನು ನಿಂಬೆ ಗಿಡಕ್ಕೆ ಹಾಕಿ, ಅಂಗಡಿಯಿಂದ ಹೊಸ ಹಿಟ್ಟು ತಂದು ಫ್ರಿಜ್ಜಿನಲ್ಲಿಟ್ಟ.

ಬಿಯರಿನ ರುಚಿ ನೋಡಿದ. ಹುಳಿ, ನಾಲಿಗೆ ಜುಮ್ಮೆನ್ನುವ ಹುಳಿ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಚೆಲ್ಲುತ್ತಿದ್ದರು. ಆದರೆ ಅಂಬಲಿ ಕುಡಿದು, ದೋಸೆ ತಿಂದು ಬೆಳೆದ ನಾಲಿಗೆಗೆ ಹುಳಿಯೆಂದರೆ ಕೆಟ್ಟದ್ದಲ್ಲ, ಹದಕ್ಕೆ ಬಂದದ್ದು. ಮತ್ತೆ ದೋಸೆ ಹಿಟ್ಟು ಉಬ್ಬಿದ ಮೇಲೆ ಯಾರೂ ಕಾಯುವುದಿಲ್ಲ, ಇಳಿಯುವುದರೊಳಗೆ ತೆಗೆದುಬಿಡುತ್ತಾರೆ. ಇವನೂ ಅಷ್ಟೇ ಮಾಡಿದ. ಹುದುಗು ಇನ್ನೂ ಬುಸುಗುಡುತ್ತಿರುವಾಗಲೇ ಬಾಟಲಿಗೆ ತುಂಬಿದ. ಪುಸ್ತಕದಲ್ಲಿ ಬಾಟಲಿಗೆ ಚೂರು ಸಕ್ಕರೆ ಹಾಕಿ ಎಂದಿತ್ತು. ಇವನು ಬೆಲ್ಲ ಪುಡಿಮಾಡಿ ಕೈ ಅಂದಾಜಿನಲ್ಲಿ ಧಾರಾಳವಾಗಿಯೇ ಹಾಕಿದ. ಬಾಟಲಿಗಳೋ, ಆಲಿವ್ ಎಣ್ಣೆ ಮುಗಿದ ಮೇಲೆ ಎಸೆಯಲು ಮನಸ್ಸು ಬಾರದೆ ಉಮಾಶ್ರೀ ತೊಳೆದಿಟ್ಟಿದ್ದ ತೆಳ್ಳನೆಯ ಹಸಿರು ಬಾಟಲಿಗಳು. ಮುಚ್ಚಳಗಳನ್ನು ಶಕ್ತಿಯೆಲ್ಲ ಹಾಕಿ ತಿರುಗಿಸಿದ.

ಬಾಟಲಿಗಳನ್ನು ಬೆಚ್ಚಗಿನ ಜಾಗದಲ್ಲಿಡಿ ಎಂದಿತ್ತು ಪುಸ್ತಕದಲ್ಲಿ. ಮನೆಯಲ್ಲಿ ಬೆಚ್ಚಗಿನ ಜಾಗ ಯಾವುದು? ನೀರು ಕಾಯಿಸುವ ಹೀಟರಿನ ಮಗ್ಗುಲ ಗೋಡೆಯೊಳಗಿನ ಕಪಾಟು. ಮಕ್ಕಳ ಕೌದಿಗಳನ್ನು ಮಡಿಚಿಡುತ್ತಿದ್ದದ್ದೂ ಅಲ್ಲೇ. ಬಾಟಲಿಯ ರಟ್ಟಿನ ಡಬ್ಬವನ್ನು ತಳದಲ್ಲಿ ಹಿಂದಕ್ಕೆ ತಳ್ಳಿ, ಮೇಲೊಂದು ಹಳೆ ಶಾಲು ಹೊದಿಸಿದ. ಉಮಾಶ್ರೀ ಹಾಕಿದ ಕಟ್ಟು ಅವನಿಗೆ ಮರೆತಿರಲಿಲ್ಲ. ಎರಡು ವಾರದ ಮಾತಲ್ಲವೆ, ಆಮೇಲೆ ಒಂದು ಗ್ಲಾಸು ತುಂಬಿ ಕೈಗಿಟ್ಟರೆ ಅವಳೇ ಮೆಚ್ಚುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ವಾರವೆಲ್ಲ ಮಕ್ಕಳು ಆ ಕಪಾಟಿನ ಮುಂದೆಯೇ ಮಲಗಿ ಎದ್ದರು.

ಮುಂದಿನ ಭಾನುವಾರ ಉಮಾಶ್ರೀ ಮತ್ತೆ ಮಗಳ ಮನೆಗೆ ಹೋಗಿದ್ದಳು. ವಿರುಪಾಕ್ಷಪ್ಪ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಊಟಕ್ಕೆ ಕೂತಿದ್ದ. ಢಬ್ ಎಂದಿತು. ಹೊರಗೆ ಕಾರಿಗೆ ಕಾರು ಗುದ್ದಿರಬೇಕೆಂದು ಕಿಟಕಿಗೆ ಹೋದ. ಬೀದಿ ಖಾಲಿ. ಬೆನ್ನ ಹಿಂದೆ ಮತ್ತೊಂದು ಢಬ್, ಅದರ ಮೇಲೆ ಇನ್ನೊಂದು. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಂದು ಬಾಟಲಿ ಒಡೆದ ರಭಸಕ್ಕೆ ಪಕ್ಕದ್ದೂ ಒಡೆಯುತ್ತಿತ್ತು. ಗಾಜು ಗೋಡೆಗೆ ಬಡಿದು ನೆಲದ ಮೇಲೆ ಸಿಡಿಯಿತು. ಹುಳಿ ನೊರೆ ಕೌದಿಗಳಿಂದ ತೊಟ್ಟಿಕ್ಕಿತು. ಅವನು ಊಟದ ಮೇಜಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ತಲೆಯ ಮೇಲೆ ಕೈಯಿಟ್ಟುಕೊಂಡ. ಸದ್ದು ನಿಂತ ಮೇಲೂ ಏಳಲಾಗಲಿಲ್ಲ. ಇದು ಭಾನುವಾರದ ಬದಲು ಮೊನ್ನೆ ಶುಕ್ರವಾರ, ಮಕ್ಕಳು ಮಲಗಿದ್ದಾಗ ಆಗಿದ್ದರೆ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿತ್ತು.

ಆಗಲೇ ಹೆಂಡತಿಗೆ ಫೋನು ಮಾಡಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಅವನು ಮಾಡಿದ್ದು ಬೇರೆ. ಉಳಿದ ಬಾಟಲಿಗಳನ್ನು ಕಂಬಳಿಯಲ್ಲಿ ಸುತ್ತಿ ಒಯ್ದು ಕಸಕ್ಕೆ ಹಾಕಿದ. ವ್ಯಾಕ್ಯೂಮು ಹಿಡಿದು ನಡುಮನೆಯನ್ನು ಮೂಲೆ ಮೂಲೆ ಗುಡಿಸಿದ. ಕೌದಿಗಳನ್ನು ಒದರಿ, ಮೆಷಿನ್ನಿಗೆ ಹಾಕಿ, ಬೇಲಿಯ ಮೇಲೆ ಒಣಹಾಕಿದ. ಸಂಜೆ ಬಂದ ಉಮಾಶ್ರೀ ಬೇಲಿ ನೋಡಿ ಬೆರಗಾದಳು.

"ಅಯ್ಯ, ಕೌದಿ ಒಗದೀರಲಾ! ನೌಕರಿ ಹೋಗಿದ್ದ ಛಲೋ ಆತು ಬಿಡ್ರಿ, ಬುದ್ಧಿ ಬಂತು."

ಅವನು ಹಲ್ಲು ಕಿರಿದ.

ಕೌದಿಯ ಗುಣವೇ ಅದು. ಪದರದ ಮೇಲೆ ಪದರ, ಸಾವಿರ ಹೊಲಿಗೆ. ಒಳಗೆ ಹೊಕ್ಕದ್ದನ್ನು ಯಾವ ಮೆಷಿನ್ನೂ ಹೊರಗೆಳೆಯಲಾರದು. ಸೋಮವಾರ ನಿದ್ದೆಯ ಹೊತ್ತಿನಲ್ಲಿ ಮೂರು ವರ್ಷದ ಅಭಿರಾಮ್ ಎದ್ದು ಕೂತು ಅಳತೊಡಗಿದ. "ಅಜ್ಜೀ, ಔಚೀ!" ಮೊಣಕೈ ಕೆಳಗೆ ಒಂದು ಗೀರು, ರಕ್ತದ ಹನಿ. ಉಮಾಶ್ರೀ ಅವನನ್ನು ಎತ್ತಿಕೊಂಡು ಕೌದಿ ತಡವಿದಳು. ಹೊಲಿಗೆಯ ಸಂದಿಯಿಂದ ಜೀರಿಗೆ ಕಾಳಿನಷ್ಟು ಗಾಜು ಅವಳ ಬೆರಳಿಗೆ ಅಂಟಿ ಬಂತು. ಹಸಿರು ಗಾಜು.

ಅವಳು ಅದನ್ನು ನೋಡಿದಳು. ಆಮೇಲೆ ತನ್ನ ಮುಂಗೈ ನೋಡಿಕೊಂಡಳು.

"ಅಯ್ಯ ಶಿವನೇ, ನನ್ನ ಬಳೀ ಚೂರು!"

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ವಿರುಪಾಕ್ಷಪ್ಪನಿಗೆ ಅದು ಯಾವ ಗಾಜೆಂದು ಗೊತ್ತಾಯಿತು. ಅವಳು ಮಗುವಿನ ಗಾಯ ತೊಳೆದು, ಪಟ್ಟಿ ಹಚ್ಚಿ ಮಲಗಿಸಿದಳು. ಆಮೇಲೆ ಸಿಂಕಿನ ಮುಂದೆ ನಿಂತು ಕೈಗೆ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಕಳಚಿದಳು. ಅವರ ಕಡೆ ಗಂಡ ಬದುಕಿರುವ ಹೆಂಗಸು ಬರಿಗೈಯಲ್ಲಿ ಇರುವುದಿಲ್ಲ. ಹೆರಿಗೆಯ ದಿನವೂ ಉಮಾಶ್ರೀ ಬಳೆ ತೆಗೆದವಳಲ್ಲ.

"ಉಮಾ, ಬಳೀ ಯಾಕ ತಗೀತಿ?"

"ಸುಮ್ನ ಇರ್ರಿ. ಕೂಸಿಗೆ ಚುಚ್ಚೈತಿ. ಕಣ್ಣಿಗೆ ಚುಚ್ಚಿದ್ರ?"

ಎರಡೂ ಕೈ ಖಾಲಿಯಾದವು. ಇಷ್ಟು ವರ್ಷ ಬಳೆಯ ಕೆಳಗಿದ್ದ ಚರ್ಮ ಬಿಳಿಚಿಕೊಂಡಿತ್ತು. ಅವನು ಮುಖ ತಿರುಗಿಸಿಕೊಂಡ.

ಸಂಜೆ ಅಭಿರಾಮನ ತಾಯಿ ನಿರುಪಮಾ ಬಂದಳು. ಮೈಸೂರಿನ ಹುಡುಗಿ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಉಮಾಶ್ರೀ ಬಾಗಿಲಲ್ಲೇ ತಲೆ ತಗ್ಗಿಸಿ ಹೇಳಿದಳು, ತಪ್ಪು ನನ್ನದು, ನನ್ನ ಬಳೆ ಒಡೆದು ಕೌದಿಗೆ ಸೇರಿತ್ತು ಎಂದು. ನಿರುಪಮಾ ಪಟ್ಟಿ ಬಿಚ್ಚಿ ನೋಡಿ ನಕ್ಕಳು.

"ಅಯ್ಯೋ ಬಿಡಿ ಆಂಟಿ, ಬರೀ ಸ್ಕ್ರ್ಯಾಚು. ನಮ್ಮಮ್ಮನ ಬಳೆ ನಂಗೆ ಎಷ್ಟು ಸಲ ಚುಚ್ಚಿಲ್ಲ? ಅದಕ್ಕೆ ಹೋಗಿ ಕೈಯೆಲ್ಲಾ ಖಾಲಿ ಮಾಡ್ಕೊಂಡಿದೀರಲ್ಲಾ."

"ಹುಡುಗ್ರಿಗಿಂತ ಬಳಿ ದೊಡ್ಡದಲ್ಲವ್ವಾ."

ಅಲ್ಲಿಗೆ ಮುಗಿಯಿತು. ವಿರುಪಾಕ್ಷಪ್ಪ ಸುಮ್ಮನಿದ್ದರೆ ಸಾಕಿತ್ತು. ಡೇಕೇರ್ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಒಳಗೆ ಕಪಾಟಿನಲ್ಲಿ ಉಳಿದ ಕೌದಿಗಳು ಮಡಿಚಿ ಕೂತಿದ್ದವು. ನಾಳೆ ಮಧ್ಯಾಹ್ನ ಉಳಿದ ಮಕ್ಕಳು ಅವುಗಳ ಮೇಲೇ ಕೆನ್ನೆಯಿಟ್ಟು ಮಲಗುತ್ತಾರೆ. ತೆಗೆದ ಬಳೆಗಳಿಂದ ಆ ಗಾಜು ಹೋಗುವುದಿಲ್ಲ.

"ನಿರುಪಮಾ ಅವರ, ಒಂದು ಮಾತು. ನಿಂದರ್ರಿ," ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲವಂತೆ. "ಅದು ಬಳಿ ಅಲ್ಲ. ನನ್ನ ಬಾಟ್ಲಿ. ನಾ ಬಿಯರ್ ಮಾಡಿ ಕಪಾಟಿನ್ಯಾಗ ಇಟ್ಟಿದ್ದೆ. ನಿನ್ನೆ ಒಡದಾವು."

ಉಮಾಶ್ರೀ ಅವನತ್ತ ತಿರುಗಲೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿನ್ನೆನೇ ಗೊತ್ತಿತ್ತಾ ಅಂಕಲ್, ನಿಮಗೆ?"

"ಗೊತ್ತಿತ್ತವ್ವಾ."

"ಗೊತ್ತಿದ್ದೂ ಇವತ್ತು ಇವನನ್ನ ಅದರ ಮೇಲೆ ಮಲಗೋಕೆ ಬಿಟ್ರಾ?"

ನಿರುಪಮಾ ಮಗುವನ್ನು ಸೊಂಟಕ್ಕೇರಿಸಿ ಅವನ ಪುಟ್ಟ ಚೀಲ ತೆಗೆದುಕೊಂಡಳು. "ಬಳೆ ಆಗಿದ್ರೆ ಕಾರು ಹತ್ತೋದ್ರೊಳಗೆ ಮರೆತುಬಿಡ್ತಿದ್ದೆ ಆಂಟಿ," ಎಂದಳು. ಅವಳ ಕಣ್ಣು ತುಂಬಿತ್ತು. "ಸಾರಿ." ಮಗು ತಾಯಿಯ ಭುಜದ ಮೇಲಿನಿಂದ ಕೈ ಬೀಸಿತು. "ಬೈ ಅಜ್ಜೀ, ಸೀ ಯೂ ಟುಮಾರೋ!"

ಮರುದಿನ ಉಮಾಶ್ರೀಯೇ ಒಬ್ಬೊಬ್ಬ ತಂದೆ ತಾಯಿಗೂ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಡೇಕೇರಿಗೆ ಲೈಸೆನ್ಸ್ ಕೊಡುವವರಿಗೂ ಅವಳೇ ಹೇಳಿದಳು. ಅವರು ಬಂದು ನೋಡಿ, ತಮ್ಮ ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಸೇರಿಸಬಾರದೆಂದರು. ಸೇರಿಸಲು ಮಕ್ಕಳಾದರೂ ಎಲ್ಲಿ ಉಳಿದಿದ್ದರು? ಹಿತ್ತಿಲ ಬಿಸಿಲಿನಲ್ಲಿ ಚಾಪೆ ಹಾಸಿ, ಅವಳು ಕೌದಿಗಳ ಹೊಲಿಗೆ ಬಿಚ್ಚುತ್ತ ಕೂತಳು. ಬಿಚ್ಚಿದ ಪದರಗಳಿಂದ ಹಸಿರು ಚೂರುಗಳು ಒಂದು ತಟ್ಟೆಗೆ ಬೀಳುತ್ತಿದ್ದವು. ನಾನು ಹೋದಾಗ ಆ ತಟ್ಟೆಯನ್ನು ನನ್ನ ಕಣ್ಣಿಗೆ ಬೀಳುವಂತೆ ಮುಂದಕ್ಕೆ ಸರಿಸಿದಳು.

ವಿರುಪಾಕ್ಷಪ್ಪ ಜಗ್ಗು, ನಳಿಗೆ ಎಲ್ಲವನ್ನೂ ಕಸದ ಡಬ್ಬಕ್ಕೆ ಒಯ್ಯುತ್ತಿದ್ದ. ಆಗ ಅವಳು ಮೊದಲ ಬಾರಿಗೆ ಗಂಡನೊಡನೆ ಮಾತಾಡಿದಳು.

"ಅದನ್ಯಾಕ ಒಗೀತೀರಿ? ಪೂರಾ ಕಲೀರಿ. ಏನು ಗೊತ್ತಿಲ್ದ ನನ್ನ ಬಾಗಲಾ ಮುಚ್ಚಿಸಿದ್ರಿ ಅನ್ನೂದರೆ ನಿಮಗ ತಿಳೀಲಿ."

ಅದು ಕ್ಷಮೆಯಲ್ಲ, ಶಿಕ್ಷೆ. ಅವನು ಶಿಕ್ಷೆಯಂತೆಯೇ ಅನುಭವಿಸಿದ. ಪುಸ್ತಕವನ್ನು ಮೊದಲ ಪುಟದಿಂದ ಓದಿದ. ಬಿಯರಿಗೇ ಬೇರೆ ಪಾತ್ರೆ, ಬೇರೆ ಸೌಟು ತಂದ. ನಳಿಗೆ, ಜಗ್ಗುಗಳನ್ನು ಕ್ರಿಮಿ ಸಾಯುವ ದ್ರಾವಣದಲ್ಲಿ ಅದ್ದಿ ತೆಗೆದ. ಬೆರಳಿನ ಬದಲು ಥರ್ಮಾಮೀಟರು ಅದ್ದಿದ. ಬೆಲ್ಲ ಬಿಟ್ಟು ಸಕ್ಕರೆಯನ್ನು ತೂಗಿ ಹಾಕಿದ. ಬಿಯರಿಗೆಂದೇ ಮಾಡಿದ ದಪ್ಪ ಬಾಟಲಿ ತಂದ. ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟದೆ ಕಾದ. ಬೇಸಗೆಯ ಮೊದಲು, ಗ್ಯಾರೇಜು ಹಿತವಾಗಿ ಬೆಚ್ಚಗಾದಾಗ ಜಗ್ಗಿನ ಕೊಳವೆಯಲ್ಲಿ ಗುಳ್ಳೆ ಏಳುತ್ತಿತ್ತು. ಅವನು ಅದರ ಮುಂದೆ ಕುರ್ಚಿ ಹಾಕಿಕೊಂಡು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ.

"ಏನ್ ತಪ್ಪಾಗಿತ್ತೋ ಆವಾಗ?" ಎಂದು ಕೇಳಿದೆ.

"ಕಾಕಾ, ನಾ ಬಿಯರ್ ಮಾಡಿದ್ದಿಲ್ಲ. ದ್ವಾಸಿ ಹಿಟ್ಟು ಮಾಡಿ ಬಾಟ್ಲಿಗೆ ತುಂಬಿದ್ದೆ." ಅವನು ನಗಲಿಲ್ಲ. "ಹಿಟ್ಟಿನ ಹುಳಿ ಅದರಾಗ ಹೊಕ್ಕಿತ್ತು. ಬಿಯರಿನ ಯೀಸ್ಟ್ ತಿನ್ನದ ಬಿಟ್ಟಿದ್ದನ್ನೂ ಆ ಹುಳಿ ತಿಂತೈತಿ. ತಿಂದಷ್ಟೂ ಗಾಳಿ. ಗಾಳಿ ಹೋಗಾಕ ದಾರಿ ಇಲ್ಲ. ಹುಳಿ ಬಾಯಿಗೆ ಹತ್ತಿದಾಗ ಕೆಟ್ಟೈತಿ ಅಂತ ತಿಳೀಬೇಕಿತ್ತು. ನನಗ ರುಚಿ ಅನಸ್ತು."

ಆ ಸಲದ ಬಿಯರು ತಿಳಿಯಾಗಿ, ಹೊಂಬಣ್ಣದಲ್ಲಿ ಬಂತು. ಒಂದು ಗ್ಲಾಸಿಗೆ ಬಗ್ಗಿಸಿ ಹೆಂಡತಿಯ ಮುಂದೆ ಹಿಡಿದ. ಅವಳು ಮುಟ್ಟಲಿಲ್ಲ, ಬಗ್ಗಿ ಮೂಸಿದಳು. "ಹುಳಿ ಇಲ್ಲ," ಎಂದಳು. "ಬಂದೈತಿ. ಆದ್ರ ಹುಡುಗ್ರು ಬರಂಗಿಲ್ಲ." ನನಗೂ ಒಂದು ಬಾಟಲಿ ಸಿಕ್ಕಿತು. ಚೆನ್ನಾಗಿತ್ತು. ಹಾಗೆಂದು ಅವಳ ಎದುರು ಹೇಳಲು ಅವನು ನನ್ನನ್ನು ಬಿಡಲಿಲ್ಲ. ಉಳಿದದ್ದನ್ನೂ ಪೆಟ್ಟಿಗೆಯನ್ನೂ ಅದೇ ವಾರ ಯಾರಿಗೋ ಕೊಟ್ಟುಬಿಟ್ಟ.

ಅವಳ ಕೈಯಲ್ಲಿ ಆ ಹೊತ್ತಿಗೆ ಬಳೆ ವಾಪಸು ಬಂದಿದ್ದವು. ಎತ್ತಿಕೊಳ್ಳಲು ಮಕ್ಕಳೇ ಇಲ್ಲದ ಮೇಲೆ ಬಳೆ ಯಾರಿಗೆ ಚುಚ್ಚೀತು? ಬರಿಗೈ ನೋಡಲಾರದೆ ಮುಖ ತಿರುಗಿಸಿದವನಿಗೆ ಈಗ ಆ ಸದ್ದು ಕೇಳಲಾಗುತ್ತಿರಲಿಲ್ಲ. "ಬಳೀ ಸಪ್ಪಳಾ ಕೇಳಿದ್ರ ಮನಿ ಖಾಲಿ ಐತಿ ಅಂತ ಯಾರೋ ಹೇಳಿದಂಗ ಆಗ್ತೈತಿ ಕಾಕಾ," ಎಂದು ನನ್ನೆದುರು ಒಮ್ಮೆ ಹೇಳಿ ಕಣ್ಣೊರೆಸಿಕೊಂಡ.

ಬೇಸಗೆ ಕಳೆದು, ಇಲ್ಲಿಯ ಮಳೆಗಾಲ ಶುರುವಾಗುವ ಮುನ್ನ ಲೈಸೆನ್ಸಿನವರು ಒಪ್ಪಿಗೆ ಕೊಟ್ಟರು. ಹಳಬರು ಯಾರೂ ತಿರುಗಿ ಬರಲಿಲ್ಲ. ನಿರುಪಮಾ ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ, ಅಷ್ಟೇ. ಹೊಸದಾಗಿ ಈ ಕಡೆಗೆ ಬಂದ ಅಚ್ಯುತ ಎಂಬ ಹುಡುಗ ತನ್ನ ಮಗಳು ಹಂಸಾಳನ್ನು ಬಿಡಲು ಕೇಳಿಕೊಂಡು ಬಂದ. ಉಮಾಶ್ರೀ ಒಳಗೆ ಕೂರಿಸುವ ಮೊದಲೇ ಬಾಟಲಿ ಒಡೆದ ಕತೆಯನ್ನು ಪೂರ್ತಿ ಹೇಳಿದಳು. ಅವನು ಕೇಳಿ, ಹೆಂಡತಿಯೊಡನೆ ಮಾತಾಡಿ, ಸೋಮವಾರ ಮಗುವನ್ನು ಕರೆತಂದ.

ಮಗು ಬಾಗಿಲಲ್ಲಿ ಅಪ್ಪನ ಕಾಲು ತಬ್ಬಿಕೊಂಡು ನಿಂತಿತ್ತು. ಉಮಾಶ್ರೀ ಸೋಪು ಹಚ್ಚಿ ಬಳೆ ಕಳಚಿದಳು. ಕೈ ಒರೆಸಿಕೊಂಡು ಸುತ್ತ ನೋಡಿದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತ ಗಂಡನ ಹತ್ತಿರ ಹೋಗಿ, ಬಳೆಗಳನ್ನು ಅವನ ಅಂಗೈಗೆ ಸುರಿದಳು.

"ಹಿಡೀರಿ. ಸಂಜೀಕ ಕೊಡ್ರಿ."

ಅವಳು ಮಗುವಿನ ಕಡೆಗೆ ಹೋದಳು. ವಿರುಪಾಕ್ಷಪ್ಪ ಎರಡೂ ಕೈ ಬೊಗಸೆ ಮಾಡಿಕೊಂಡು ನಿಂತ. ಕಪಾಟು ನೋಡಿದ, ಶೆಲ್ಫು ನೋಡಿದ, ಗ್ಯಾರೇಜಿನ ಮೇಜು ನೋಡಿದ. ಎಲ್ಲಿಟ್ಟರೆ ಒಡೆಯುವುದಿಲ್ಲ ಎಂದು ತೋಚದೆ, ಕುರ್ಚಿಯಲ್ಲಿ ಕೂತು ಅವುಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.